ಹಾಡು ರೇಡಿಯೊದಲ್ಲಿ ಬಂತು, ಹಾಡಿದವರಿಗೆ ಏನು ಬಂತು?

ರೂಫಸ್ ಥಾಮಸ್ ಬೆಳಗ್ಗೆ ಎದ್ದು ಬಟ್ಟೆ ಗಿರಣಿಗೆ ಹೋಗುತ್ತಿದ್ದರು. ಅಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ. ಮಧ್ಯಾಹ್ನ ಪಾಳಿ ಮುಗಿಯಿತೋ ಇಲ್ಲವೋ, ಅಮೆರಿಕದ ಮೆಂಫಿಸ್ ಊರಿನ ಡಬ್ಲ್ಯುಡಿಐಎ ರೇಡಿಯೊ ಸ್ಟೇಷನ್‌ಗೆ ಓಟ. ಮೈಕಿನ ಮುಂದೆ ಕೂತು ರೆಕಾರ್ಡು ಹಾಕುವುದು, ನಡುನಡುವೆ ಪ್ರಾಸ ಕಟ್ಟಿ ಮಾತಾಡುವುದು, ಕೇಳುಗರನ್ನು ನಗಿಸುವುದು. ಊರಿನ ಕಪ್ಪು ಜನರ ಮನೆಗಳಲ್ಲಿ ಅವರ ದನಿ ಗೊತ್ತಿಲ್ಲದವರೇ ಇರಲಿಲ್ಲ. ಅವರು ಹಾಡುಗಾರರೂ ಹೌದು. ಆದರೂ 1963ರಲ್ಲಿ ಅವರ ಹಾಡೊಂದು ದೇಶದ ಪಾಪ್ ಪಟ್ಟಿಯ ಮೊದಲ ಹತ್ತರೊಳಗೆ ಬಂದ ಆ ಹೊತ್ತಿನ ತನಕ ಗಿರಣಿ ಬಿಟ್ಟಿರಲಿಲ್ಲ.

ಇಷ್ಟು ಹೆಸರಿದ್ದವರಿಗೆ ಬಾಯ್ಲರ್ ಯಾಕೆ ಬೇಕಿತ್ತು? ಈ ಪ್ರಶ್ನೆಯ ಬಾಲ ಹಿಡಿದು ಹೋದರೆ, ಊರಿನ ರೇಡಿಯೊ ಸಂಗೀತಗಾರರಿಗೆ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಅನ್ನೋದು ತಿಳಿಯುತ್ತದೆ.

ಅದಕ್ಕೂ ಮೊದಲು, ಇವರು ಹಾಡುತ್ತಿದ್ದ ಸೋಲ್ ಸಂಗೀತದ ಹೆಸರಿನ ವಿಷಯ. ಸೋಲ್ ಅಂದರೆ ನಮ್ಮ ಗೆಲುವು-ಸೋಲಿನ ಸೋಲಲ್ಲ, ಇಂಗ್ಲಿಷಿನ ಆತ್ಮ. ಕಪ್ಪು ಜನರ ಚರ್ಚ್ ಹಾಡಿನ ಧಾಟಿಗೆ ರಿದಮ್ ಅಂಡ್ ಬ್ಲೂಸ್ ಎಂಬ ಅವರದ್ದೇ ಕುಣಿತದ ಸಂಗೀತದ ತಾಳ ಸೇರಿ, 1950ರ ದಶಕದ ಕೊನೆಯ ಹೊತ್ತಿಗೆ ರೂಪ ಪಡೆದ ಸಂಗೀತ. ದೇವರನ್ನು ಕೂಗಿ ಕರೆಯುವ ದನಿಯಲ್ಲೇ ಕೈಬಿಟ್ಟು ಹೋದ ಗೆಳೆಯನನ್ನು ಕರೆದರೆ ಹೇಗಿರುತ್ತದೋ, ಹಾಗೆ.

ಡಬ್ಲ್ಯುಡಿಐಎ ಶುರುವಾದದ್ದು 1947ರಲ್ಲಿ. ಯಜಮಾನರಿಬ್ಬರೂ ಬಿಳಿಯರು, ಬರ್ಟ್ ಫರ್ಗುಸನ್ ಮತ್ತು ಜಾನ್ ಪೆಪರ್. ಊರಿನ ಉಳಿದ ಸ್ಟೇಷನ್‌ಗಳು ಹಾಕುತ್ತಿದ್ದುದನ್ನೇ ಇವರೂ ಹಾಕಿದರು. ಯಾರೂ ಕೇಳಲಿಲ್ಲ, ಜಾಹೀರಾತು ಹುಟ್ಟಲಿಲ್ಲ. ಮೆಂಫಿಸ್‌ನ ಜನರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕಪ್ಪು ಜನರಿದ್ದರು. ಅವರನ್ನು ಮಾತಾಡಿಸುವ ರೇಡಿಯೊ ಒಂದೂ ಇರಲಿಲ್ಲ. ಧರ್ಮಕ್ಕಿಂತ ಲೆಕ್ಕಾಚಾರವೇ ಮುಂದಾಗಿ, 1948ರ ಅಕ್ಟೋಬರಿನಲ್ಲಿ ನ್ಯಾಟ್ ಡಿ. ವಿಲಿಯಮ್ಸ್ ಎಂಬ ಹೈಸ್ಕೂಲ್ ಮೇಷ್ಟ್ರನ್ನು ಕರೆದು ಮೈಕು ಕೊಟ್ಟರು. ಇತಿಹಾಸ ಪಾಠ ಮಾಡುತ್ತಿದ್ದವರು. ಮೊದಲ ದಿನ ಕೆಂಪು ದೀಪ ಹತ್ತಿದಾಗ ಹೇಳಬೇಕಾದ ಮಾತೇ ಮರೆತುಹೋಯಿತು. ದಾರಿ ಕಾಣದೆ ಜೋರಾಗಿ ನಕ್ಕುಬಿಟ್ಟರು. ಆಮೇಲೆ ಆ ನಗುವೇ ಅವರ ಗುರುತಾಯಿತು.

ಸ್ವಲ್ಪ ದಿನದಲ್ಲೇ ಇಡೀ ಸ್ಟೇಷನ್ ಕಪ್ಪು ಕೇಳುಗರದ್ದಾಯಿತು. 250 ವ್ಯಾಟ್‌ನ ಪುಟ್ಟ ಕೇಂದ್ರ 1954ರಲ್ಲಿ 50,000 ವ್ಯಾಟ್‌ಗೆ ಏರಿತು. ದೇಶದ ಕಪ್ಪು ಜನರಲ್ಲಿ ಹತ್ತಕ್ಕೆ ಒಬ್ಬರಿಗೆ ನಮ್ಮ ದನಿ ಮುಟ್ಟುತ್ತದೆ ಎಂದು ಹೇಳಿಕೊಳ್ಳುವಷ್ಟು ಬೆಳೆಯಿತು. ಹತ್ತಿಹೊಲದ ಕೂಲಿಯವರ ಮನೆಯ ರೇಡಿಯೊದಲ್ಲೂ ಅದೇ ದನಿ.

ಈ ಸ್ಟೇಷನ್ ಸಂಗೀತಗಾರರಿಗೆ ಏನು ಕೊಟ್ಟಿತು? ಬಿ.ಬಿ. ಕಿಂಗ್ ಅವರ ಕಥೆ ನೋಡಿ. ಮುಂದೆ ಜಗತ್ತೇ ಬಲ್ಲ ಬ್ಲೂಸ್ ಗಿಟಾರ್‌ವಾದಕ. ಆಗ ಕೆಲಸ ಹುಡುಕಿ ಮೆಂಫಿಸ್‌ಗೆ ಬಂದ ಬಡ ಹುಡುಗ. ಸ್ಟೇಷನ್ ಅವರಿಗೆ ದಿನಕ್ಕೆ ಹತ್ತು ನಿಮಿಷ ಕೊಟ್ಟಿತು. ಸಂಬಳ ಇಲ್ಲ. ಪೆಪ್ಟಿಕಾನ್ ಎಂಬ ಟಾನಿಕ್ಕಿನ ಜಾಹೀರಾತನ್ನು ಹಾಡಿ ಹೇಳಬೇಕು. ಅದಕ್ಕೆ ಬದಲಾಗಿ, "ಇವತ್ತು ರಾತ್ರಿ ಇಂಥ ಕಡೆ ನುಡಿಸ್ತೀನಿ, ಬನ್ನಿ" ಎಂದು ಸಾರಿಕೊಳ್ಳಬಹುದು. ಅಷ್ಟೇ ಒಪ್ಪಂದ. ಟಾನಿಕ್ ಕಂಪನಿಯ ದುಡ್ಡು ಸ್ಟೇಷನ್‌ಗೆ, ಕೇಳುಗರ ಟಿಕೆಟ್ ದುಡ್ಡು ಕಿಂಗ್ ಅವರಿಗೆ. ಕೊನೆಗೆ ಅವರಿಗೆ ಡಿಜೆ ಕೆಲಸವೂ ಸಿಕ್ಕಿತು. ಆದರೆ ಆ ಮೊದಲ ಲೆಕ್ಕವನ್ನು ನೆನಪಿಟ್ಟುಕೊಳ್ಳಿ: ಹಾಡಿಗೆ ಹಣವಲ್ಲ, ಹಾಡಿಗೆ ಪ್ರಚಾರ.

ನಮ್ಮ ಆಕಾಶವಾಣಿ ಬೇರೆಯದೇ ದಾರಿ ಹಿಡಿದಿತ್ತು. ಆಡಿಷನ್, ಗ್ರೇಡ್, ಕಾರ್ಯಕ್ರಮಕ್ಕೆ ಇಷ್ಟು ಸಂಭಾವನೆ, ನಿಲಯದ ಕಲಾವಿದರಿಗೆ ತಿಂಗಳ ಸಂಬಳ. ಮಲ್ಲಿಕಾರ್ಜುನ ಮನ್ಸೂರರಂಥವರು ಧಾರವಾಡ ನಿಲಯದ ಸಂಗೀತ ಸಲಹೆಗಾರರಾಗಿದ್ದರು. ಅಲ್ಲಿ ಸರ್ಕಾರದ ದುಡ್ಡು, ಮೆಂಫಿಸ್‌ನಲ್ಲಿ ಟಾನಿಕ್ ಮಾರುವವರ ದುಡ್ಡು. ಯಾರ ದುಡ್ಡು ಅನ್ನೋದರ ಮೇಲೆ ಹಾಡುಗಾರರ ಬದುಕು ನಿಂತಿರುತ್ತದೆ, ಅಲ್ವಾ?

ಮೆಂಫಿಸ್‌ನವರನ್ನು ಬರೀ ವ್ಯಾಪಾರಿಗಳು ಅನ್ನಲೂ ಆಗದು. ಸ್ಟೇಷನ್‌ನವರು ಟೀನ್ ಟೌನ್ ಸಿಂಗರ್ಸ್ ಎಂಬ ಮಕ್ಕಳ ತಂಡ ಕಟ್ಟಿದ್ದರು. ಊರಿನ ಹೈಸ್ಕೂಲ್ ಮಕ್ಕಳನ್ನು ಆರಿಸಿ, ವಾರದ ನಡುವೆ ತಾಲೀಮು ಮಾಡಿಸಿ, ಶನಿವಾರ ಪ್ರಸಾರ ಮಾಡುತ್ತಿದ್ದರು. ರೂಫಸ್ ಅವರ ಮಗಳು ಕಾರ್ಲಾ ಹೈಸ್ಕೂಲ್ ಮೆಟ್ಟಿಲು ಹತ್ತುವ ಮೊದಲೇ, ಹತ್ತು ವರ್ಷಕ್ಕೇ ಆ ತಂಡ ಸೇರಿದಳು. ಅಪ್ಪ ಅಲ್ಲೇ ಇದ್ದರಲ್ಲ! ಮೈಕಿನ ಮುಂದೆ ನಿಲ್ಲುವುದು, ನಾಲ್ಕು ದನಿಯ ನಡುವೆ ತನ್ನ ಶ್ರುತಿ ಬಿಡದಿರುವುದು, ತಪ್ಪಿದರೂ ನಿಲ್ಲಿಸದೆ ಮುಂದೆ ಹೋಗುವುದು, ಇವನ್ನೆಲ್ಲ ಅವಳು ಕಲಿತದ್ದು ರೇಡಿಯೊದಲ್ಲಿ.

1960ರಲ್ಲಿ ಅಪ್ಪ-ಮಗಳು ಇಬ್ಬರೂ ಈಸ್ಟ್ ಮೆಕ್‌ಲೆಮೋರ್ ಅವೆನ್ಯೂನ ಹಳೇ ಸಿನಿಮಾ ಥಿಯೇಟರೊಂದರ ಬಾಗಿಲಿಗೆ ಹೋದರು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಜಿಮ್ ಸ್ಟೀವರ್ಟ್ ಮತ್ತು ಅವರ ಅಕ್ಕ ಎಸ್ಟೆಲ್ ಆಕ್ಸ್‌ಟನ್ ಅಲ್ಲಿ ಸ್ಟುಡಿಯೊ ಮಾಡಿಕೊಂಡಿದ್ದರು. ಕುರ್ಚಿ ಕಿತ್ತು ಹಾಕಿದ್ದರೂ ನೆಲ ಮಾತ್ರ ಥಿಯೇಟರಿನದ್ದೇ, ಇಳಿಜಾರು. ಅಲ್ಲಿ ಅಪ್ಪ-ಮಗಳು ಜೊತೆಯಾಗಿ ಹಾಡಿದ್ದು ಊರಲ್ಲಿ ಚೆನ್ನಾಗಿ ಓಡಿತು. ಓಡದೆ ಇರುತ್ತದೆಯೇ, ಹಾಡಿದವರೇ ಊರಿನ ರೇಡಿಯೊದವರು. ಆ ಸದ್ದು ಕೇಳಿ ನ್ಯೂಯಾರ್ಕಿನ ಅಟ್ಲಾಂಟಿಕ್ ಕಂಪನಿ ಬಂತು, ದೇಶಕ್ಕೆಲ್ಲ ಹಂಚುವ ಒಪ್ಪಂದವಾಯಿತು. ಮರುವರ್ಷ ಅಕ್ಕ-ತಮ್ಮನ ಮನೆತನದ ಹೆಸರುಗಳ ಮೊದಲ ಅಕ್ಷರಗಳು ಸೇರಿ ಕಂಪನಿಗೆ ಸ್ಟ್ಯಾಕ್ಸ್ ಎಂದು ಹೆಸರಾಯಿತು. ಸೋಲ್ ಸಂಗೀತದ ಎರಡು ದೊಡ್ಡ ಮನೆಗಳಲ್ಲಿ ಇದೊಂದು. ಇನ್ನೊಂದು ಡೆಟ್ರಾಯಿಟ್‌ನ ಮೋಟೌನ್.

ಥಿಯೇಟರಿನ ಮುಂಭಾಗದಲ್ಲಿ, ಪಾಪ್‌ಕಾರ್ನ್ ಮಾರುತ್ತಿದ್ದ ಜಾಗದಲ್ಲಿ, ಎಸ್ಟೆಲ್ ಒಂದು ರೆಕಾರ್ಡ್ ಅಂಗಡಿ ಇಟ್ಟಿದ್ದರು. ನನ್ನ ಪ್ರಕಾರ ಇಡೀ ವ್ಯವಸ್ಥೆಯ ಕೀಲು ಇರುವುದೇ ಇಲ್ಲಿ. ಶಾಲೆ ಬಿಟ್ಟ ಮಕ್ಕಳು ಅಂಗಡಿಯಲ್ಲಿ ನೆರೆಯುತ್ತಿದ್ದರು. ಒಳಗೆ ಆಗತಾನೇ ರೆಕಾರ್ಡ್ ಆದ ಹಾಡನ್ನು ಎಸ್ಟೆಲ್ ಹೊರಗಿನ ಸ್ಪೀಕರಿನಲ್ಲಿ ಹಾಕಿ, ಮಕ್ಕಳ ಕಾಲು ನೋಡುತ್ತಿದ್ದರು. ಕುಣಿದರೆ ಸರಿ. ಸುಮ್ನೆ ನಿಂತರೆ ಹಾಡನ್ನು ಮತ್ತೆ ಒಳಗೆ ಕಳಿಸಿ ತಿದ್ದಿಸುವುದು.

1962ರಲ್ಲಿ ಸ್ಟ್ಯಾಕ್ಸ್‌ನ ಮನೆವಾದ್ಯದವರು, ಬುಕರ್ ಟಿ. ಮತ್ತು ಎಂಜಿಸ್, ಒಂದು ಬಿಡುವಿನ ದಿನ "ಗ್ರೀನ್ ಆನಿಯನ್ಸ್" ನುಡಿಸಿದರು. ಪ್ಲೇಟಿನ ಹಿಂಬದಿ ಖಾಲಿ ಇರಬಾರದಲ್ಲ ಎಂದು ಮಾಡಿದ್ದು. ಗಿಟಾರಿನ ಸ್ಟೀವ್ ಕ್ರಾಪರ್ ಅದರ ಮಾದರಿ ಪ್ಲೇಟನ್ನು ಕಂಕುಳಲ್ಲಿಟ್ಟುಕೊಂಡು ಊರಿನ ಇನ್ನೊಂದು ಸ್ಟೇಷನ್ ಡಬ್ಲ್ಯುಎಲ್‌ಓಕೆಗೆ ಹೋದರು. ಡಿಜೆ ಮೊದಲ ಬದಿ ಕೇಳಿದರು, ತಿರುವಿ ಹಾಕಿ ಹಿಂಬದಿ ಕೇಳಿದರು, ಅದನ್ನೇ ಪ್ರಸಾರಕ್ಕೆ ಬಿಟ್ಟರು. ಫೋನುಗಳು ಬಡಿದುಕೊಳ್ಳತೊಡಗಿದವು. ಇದು ಯಾರದ್ದು, ಎಲ್ಲಿ ಸಿಗುತ್ತದೆ? ಇನ್ನೂ ಪ್ಲೇಟು ಅಂಗಡಿಗೇ ಬಂದಿರಲಿಲ್ಲ. ಆಮೇಲೆ ಹಿಂಬದಿಯನ್ನೇ ಮುಂಬದಿ ಮಾಡಿ ಹೊಸದಾಗಿ ಅಚ್ಚು ಹಾಕಿಸಿದರು. ಅದು ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 1ನೇ ಸ್ಥಾನಕ್ಕೆ, ಪಾಪ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯಿತು.

ಸ್ಥಳೀಯ ರೇಡಿಯೊದ ಬೆಲೆ ಅಂದರೆ ಇದೇ. ಸ್ಟುಡಿಯೊದಿಂದ ಕಾರಿನಲ್ಲಿ ಹೋಗಿ ಮುಟ್ಟುವ ದೂರದಲ್ಲಿ, ಯಾರನ್ನೂ ಕೇಳದೆ ಹಾಡು ಹಾಕುವ ಅಧಿಕಾರ ಇರುವ ಒಬ್ಬ ಮನುಷ್ಯ. ಅದೇ ಸಂಜೆ ಫೋನು ಮಾಡುವ ಕೇಳುಗರು. ಮರುದಿನ ಅಂಗಡಿಗೆ ಬರುವ ಅವರ ಕಾಸು. ಇಷ್ಟು ದೊಡ್ಡ ಅಧಿಕಾರ ಕಡಿಮೆ ಸಂಬಳದವರ ಕೈಯಲ್ಲಿದ್ದರೆ ಲಂಚ ಬರದೆ ಇರುವುದಿಲ್ಲ, ಬಂತು ಕೂಡ. ಅದಕ್ಕೆ ಪೇಯೋಲಾ ಅನ್ನುತ್ತಿದ್ದರು. 1960ರಲ್ಲಿ ಅಮೆರಿಕ ಕಾನೂನು ತಿದ್ದಿ, ದುಡ್ಡು ಪಡೆದದ್ದನ್ನು ಹೇಳದೆ ಹಾಡು ಹಾಕಿದರೆ 10,000 ಡಾಲರ್ ತನಕ ದಂಡ, ಒಂದು ವರ್ಷದ ತನಕ ಜೈಲು ಎಂದಿತು.

ಇನ್ನು ಬಾಯ್ಲರಿನ ಪ್ರಶ್ನೆಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಬೇಕು.

ರೆಕಾರ್ಡ್ ಆದ ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತವೆ. ಒಂದು, ಬರೆದ ಹಾಡು: ಸಾಹಿತ್ಯ ಮತ್ತು ರಾಗ. ಇದು ಬರೆದವರದ್ದು, ಮತ್ತು ಅವರ ಪ್ರಕಾಶಕರದ್ದು. ಇನ್ನೊಂದು, ಹಾಡಿದ ದನಿ: ಸ್ಟುಡಿಯೊದಲ್ಲಿ ಹಿಡಿದಿಟ್ಟ ಧ್ವನಿಮುದ್ರಣ. ಇದರಲ್ಲಿ ಪಾಲು ಇರುವುದು ಹಾಡಿದವರಿಗೆ, ನುಡಿಸಿದವರಿಗೆ, ಖರ್ಚು ಹಾಕಿದ ಕಂಪನಿಗೆ. ಅಮೆರಿಕದ ಎಎಂ, ಎಫ್‌ಎಂ ಸ್ಟೇಷನ್‌ಗಳು ಹಾಡು ಹಾಕಿದಾಗ ಮೊದಲನೆಯದಕ್ಕೆ ದುಡ್ಡು ಕೊಡುತ್ತವೆ. ಎರಡನೆಯದಕ್ಕೆ ಒಂದು ಪೈಸೆಯೂ ಇಲ್ಲ. ಆಗಲೂ ಇಲ್ಲ, ಈಗಲೂ ಇಲ್ಲ.

ಇದನ್ನು ತಿಳಿಯಲು "ರೆಸ್ಪೆಕ್ಟ್" ಹಾಡಿಗಿಂತ ಒಳ್ಳೆಯ ಉದಾಹರಣೆ ಸಿಗದು. ಬರೆದವರು ಸ್ಟ್ಯಾಕ್ಸ್‌ನ ಓಟಿಸ್ ರೆಡಿಂಗ್. 1965ರಲ್ಲಿ ತಾವೇ ಹಾಡಿದ್ದರು. ದುಡಿದು ಮನೆಗೆ ಬರುವ ಗಂಡಸು ಮರ್ಯಾದೆ ಕೇಳುವ ಹಾಡು ಅದು. 1967ರಲ್ಲಿ ಅರೀಥಾ ಫ್ರಾಂಕ್ಲಿನ್ ಅದನ್ನು ಎತ್ತಿಕೊಂಡು ಹೆಣ್ಣಿನ ಬಾಯಿಗೆ ತಂದರು. ಮರ್ಯಾದೆಯ ಅಕ್ಷರ ಒಂದೊಂದನ್ನೇ ಬಿಡಿಸಿ ಹೇಳುವ ಜಾಗ ಅರೀಥಾ ಸೇರಿಸಿದ್ದು, ಓಟಿಸ್ ಹಾಡಿನಲ್ಲಿ ಅದು ಇರಲೇ ಇಲ್ಲ. ಇವತ್ತಿಗೂ ಜಗತ್ತಿಗೆ ಗೊತ್ತಿರುವುದು ಅರೀಥಾ ಅವರ ದನಿ. ಆದರೆ ಅಮೆರಿಕದ ರೇಡಿಯೊದಲ್ಲಿ ಅದು ಬಂದಾಗಲೆಲ್ಲ ದುಡ್ಡು ಹೋಗುವುದು ಓಟಿಸ್ ಅವರ ಕಡೆಗೆ. ಅರೀಥಾ 2018ರಲ್ಲಿ ತೀರಿಕೊಳ್ಳುವ ತನಕ, ಆ ಪ್ರಸಾರಗಳಿಂದ ಅವರ ಕೈಗೆ ಬಂದದ್ದು ಸೊನ್ನೆ. ಮರ್ಯಾದೆ ಕೊಡಿ ಎಂದು ಹಾಡಿದವರಿಗೇ ಹೀಗೆ.

ರೇಡಿಯೊ ಮಾಲೀಕರ ಉತ್ತರ ಬಿ.ಬಿ. ಕಿಂಗ್ ಅವರ ಕಾಲದ್ದೇ: ನಾವು ಪ್ರಚಾರ ಕೊಡುತ್ತೇವೆ, ಪ್ರಚಾರವೇ ಕೂಲಿ. ಇದನ್ನು ಪೂರ್ತಿ ಸುಳ್ಳು ಅನ್ನಲಾರೆ. "ಗ್ರೀನ್ ಆನಿಯನ್ಸ್" ವಿಷಯದಲ್ಲಿ ಅದು ಅಕ್ಷರಶಃ ನಿಜ. ಆದರೆ ಆ ಮಾತು ನಿಂತಿದ್ದುದು ಕೇಳಿದವರು ಅಂಗಡಿಗೆ ಹೋಗಿ ಪ್ಲೇಟು ಕೊಳ್ಳುತ್ತಾರೆ ಎಂಬ ನಂಬಿಕೆಯ ಮೇಲೆ. ಅರವತ್ತು ವರ್ಷ ಹಳೆಯ ಹಾಡನ್ನು ಕಾರಿನಲ್ಲಿ ಕೇಳಿ ಈಗ ಯಾರು ಅಂಗಡಿಗೆ ಹೋಗುತ್ತಾರೆ? ಆ ಹಾಡಿನಿಂದ ಜನ ಸ್ಟೇಷನ್ ಬದಲಿಸದೆ ಕೂತಿರುತ್ತಾರೆ, ನಡುವೆ ಇನ್ಶೂರೆನ್ಸ್ ಜಾಹೀರಾತು ಕೇಳುತ್ತಾರೆ. ಪ್ರಚಾರ ಯಾರು ಯಾರಿಗೆ ಮಾಡಿದಂತಾಯಿತು?

ಅದೇ ಕಾರಿನಲ್ಲಿ ಗುಂಡಿ ಒತ್ತಿ ಸ್ಯಾಟಲೈಟ್ ರೇಡಿಯೊಗೆ ಬದಲಿಸಿ, ಅದೇ ಹಾಡು ಬರಲಿ. ಈಗ ಹಾಡಿದವರಿಗೂ ದುಡ್ಡು ಹುಟ್ಟುತ್ತದೆ. ಯಾಕಂದರೆ 1995ರ ಕಾನೂನು ಡಿಜಿಟಲ್ ಪ್ರಸಾರಕ್ಕೆ ಮಾತ್ರ ದನಿಯ ಹಕ್ಕನ್ನು ಒಪ್ಪಿತು. ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆ ಆ ದುಡ್ಡು ವಸೂಲಿ ಮಾಡಿ ನೂರಕ್ಕೆ 50 ಪಾಲು ಧ್ವನಿಮುದ್ರಣದ ಮಾಲೀಕರಿಗೆ, 45 ಮುಖ್ಯ ಕಲಾವಿದರಿಗೆ, 5 ಹಿಂದೆ ನುಡಿಸಿದ, ದನಿಗೂಡಿಸಿದವರಿಗೆ ಹಂಚುತ್ತದೆ. ಇದರಲ್ಲೂ ಸೋಲ್ ಹಾಡುಗಾರರಿಗೆ ಒಂದು ಕಲ್ಲು ಕಾದಿತ್ತು. 1972ರ ಫೆಬ್ರವರಿಗಿಂತ ಹಿಂದಿನ ಧ್ವನಿಮುದ್ರಣಗಳಿಗೆ ಕೇಂದ್ರದ ಕಾನೂನು ಅನ್ವಯಿಸುತ್ತಿರಲಿಲ್ಲ. ಸೋಲ್‌ನ ಹೊನ್ನಿನ ಕಾಲವೆಲ್ಲ ಅದಕ್ಕೂ ಹಿಂದಿನದ್ದು! ಈ ತೂತು ಮುಚ್ಚಿದ್ದು 2018ರ ಹೊಸ ಕಾನೂನು. ಅಷ್ಟರಲ್ಲಿ ಎಷ್ಟೋ ಮಂದಿ ಹೋಗಿಯೇಬಿಟ್ಟಿದ್ದರು.

ಉಳಿದ ಎಷ್ಟೋ ದೇಶಗಳಲ್ಲಿ ಮಾಮೂಲಿ ರೇಡಿಯೊವೂ ಹಾಡಿದವರಿಗೆ ಕೊಡುತ್ತದೆ. ನಮ್ಮಲ್ಲೂ 2012ರ ತಿದ್ದುಪಡಿ ಗಾಯಕರ ರಾಯಲ್ಟಿ ಹಕ್ಕನ್ನು ಒಪ್ಪಿದೆ. ಆದರೆ ಕೆಲವು ದೇಶಗಳು ಅಮೆರಿಕದವರಿಗೆ ಮಾತ್ರ ಕೊಡುವುದಿಲ್ಲ: ನೀವು ನಮ್ಮವರಿಗೆ ಕೊಡೋದಿಲ್ಲ, ನಾವು ನಿಮ್ಮವರಿಗೆ ಯಾಕೆ ಕೊಡಬೇಕು? ಮಾಲೀಕರ ಜಗಳದಲ್ಲಿ ಹೊರದೇಶದ ದುಡ್ಡೂ ಹಾಡುಗಾರರ ಕೈತಪ್ಪುತ್ತದೆ.

ಬ್ರಿಟನ್ನಿನ ಕಥೆ ಇದಕ್ಕೆ ಉಲ್ಟಾ. ಅಲ್ಲಿ ಧ್ವನಿಮುದ್ರಣದ ಹಕ್ಕಿನ ದುಡ್ಡು ವಸೂಲಿ ಮಾಡುವ ಪಿಪಿಎಲ್ 1934ರಿಂದಲೇ ಇದೆ. ಜೊತೆಗೆ ಒಂದು ವಿಚಿತ್ರ ನಿಯಮವೂ ಇತ್ತು, ಹೆಸರು ನೀಡಲ್ ಟೈಮ್. ಅಂದರೆ ಪ್ಲೇಟಿನ ಮೇಲೆ ಮುಳ್ಳು ಓಡುವ ಹೊತ್ತು. ಪ್ಲೇಟು ಹಾಕಿಕೊಂಡೇ ಕೂತರೆ ವಾದ್ಯದವರ ಹೊಟ್ಟೆಪಾಡೇನು ಎಂದು ಸಂಗೀತಗಾರರ ಸಂಘ ಪಟ್ಟು ಹಿಡಿದಿತ್ತು. ಹಾಗಾಗಿ ಬಿಬಿಸಿ ದಿನಕ್ಕೆ ಇಷ್ಟೇ ಗಂಟೆ ರೆಕಾರ್ಡು ಹಾಕಬಹುದು, ಉಳಿದ ಹೊತ್ತು ವಾದ್ಯದವರನ್ನು ಕರೆಸಿ ನುಡಿಸಬೇಕು. 1988ರ ತನಕ ಒಂದಲ್ಲ ಒಂದು ರೂಪದಲ್ಲಿ ಇದು ನಡೆಯಿತು. ಬ್ರಿಟಿಷ್ ವಾದ್ಯದವರಿಗೆ ಅನ್ನ ಕೊಟ್ಟ ನಿಯಮ, ಒಪ್ಪೋಣ. ಆದರೆ ಅಮೆರಿಕದ ಸೋಲ್ ಕೇಳಬೇಕು ಅನ್ನುವ ಬ್ರಿಟಿಷ್ ಹುಡುಗರಿಗೆ ಅದೇ ಗೋಡೆ. ಇದ್ದ ಅಷ್ಟಿಷ್ಟು ಹೊತ್ತೂ ಹಿಟ್ ಹಾಡುಗಳಿಗೇ ಮುಗಿದುಹೋಗುತ್ತಿತ್ತು.

ರೇಡಿಯೊ ಕೊಡದಿದ್ದನ್ನು ಅಭಿಮಾನಿಗಳು ತಾವೇ ಹುಡುಕಿಕೊಂಡರು. ಇಂಗ್ಲೆಂಡಿನ ಉತ್ತರದ ಕಾರ್ಖಾನೆ ಊರುಗಳಲ್ಲಿ, ವಾರವೆಲ್ಲ ದುಡಿದವರು ಶನಿವಾರ ರಾತ್ರಿ ಬ್ಯಾಗಿನಲ್ಲಿ ಇನ್ನೊಂದು ಅಂಗಿ, ಜಾರಲೆಂದು ನೆಲಕ್ಕೆ ಹಾಕುವ ಟಾಲ್ಕಂ ಪೌಡರ್ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. 1973ರಿಂದ 1981ರ ತನಕ ವಿಗನ್ ಕ್ಯಾಸಿನೊದಲ್ಲಿ ಬೆಳಗಾಗುವವರೆಗೆ ಕುಣಿತ. ಹೆಸರು ನಾರ್ದರ್ನ್ ಸೋಲ್. ಅಮೆರಿಕದಲ್ಲೇ ಮಾರಾಟವಾಗದೆ ಗೋಡೌನಿನಲ್ಲಿ ದೂಳು ಹಿಡಿದ ಪ್ಲೇಟುಗಳೇ ಇವರಿಗೆ ಪ್ರಾಣ. ಡಿಜೆಗಳು ಪ್ಲೇಟಿನ ಹೆಸರಿನ ಮೇಲೆ ಕಾಗದ ಅಂಟಿಸಿ, ಸುಳ್ಳು ಹೆಸರು ಹೇಳಿ ಹಾಡು ಹಾಕುತ್ತಿದ್ದರು, ಎದುರಾಳಿ ಡಿಜೆಗೆ ಗೊತ್ತಾಗಬಾರದು ಎಂದು. ಹಾಡಿದವರ ಹೆಸರನ್ನೇ ಮುಚ್ಚುವ ಅಭಿಮಾನ! ಕಡಲಾಚೆ ಹಾಡಿದವರಿಗೆ ತಮ್ಮ ಹಾಡಿಗೆ ಇಂಗ್ಲೆಂಡಿನಲ್ಲಿ ಜನ ಕುಣಿಯುತ್ತಿದ್ದಾರೆ ಎಂಬ ಸುಳಿವೂ ಇರುತ್ತಿರಲಿಲ್ಲ.

ಲಂಡನ್ನಿನವರು ಕಳ್ಳ ರೇಡಿಯೊ ಕಟ್ಟಿದರು. ಎತ್ತರದ ಕಟ್ಟಡದ ತಾರಸಿಗೆ ಆಂಟೆನಾ ಕಟ್ಟುವುದು, ಅಧಿಕಾರಿಗಳು ಬಂದು ಕಿತ್ತುಕೊಂಡು ಹೋಗುವುದು, ಮತ್ತೆ ಕಟ್ಟುವುದು. 1985ರಲ್ಲಿ ಹೀಗೆ ಶುರುವಾದ ಕಿಸ್ ಎಫ್‌ಎಂ 1990ರಲ್ಲಿ ಲೈಸೆನ್ಸ್ ಪಡೆದು ಸಾಚಾ ಆಯಿತು. ಕಳ್ಳ ಸ್ಟೇಷನ್‌ಗಳು ಯಾರಿಗೂ ರಾಯಲ್ಟಿ ಕಟ್ಟುತ್ತಿರಲಿಲ್ಲ. ಆದರೆ ಕಿಸ್‌ನಲ್ಲಿ ಹಾಡು ಹಾಕುತ್ತಿದ್ದ ಜ್ಯಾಝಿ ಬಿ ಕಟ್ಟಿದ ಸೋಲ್ ಟು ಸೋಲ್ ತಂಡ 1989ರಲ್ಲಿ ಬ್ರಿಟನ್ನಿನ ಪಟ್ಟಿಯ ತುದಿಗೆ ಹೋಯಿತು. ಮೆಂಫಿಸ್‌ನಲ್ಲಿ ಕಂಡದ್ದೇ ಇಲ್ಲೂ: ಹಣವಿಲ್ಲ, ಕೇಳುಗರಿದ್ದಾರೆ. ಕಾನೂನಿನೊಳಗೇ ದಾರಿ ಮಾಡಿದವರೂ ಇದ್ದರು. ಬಿಬಿಸಿಯ ಊರೂರ ಸ್ಟೇಷನ್‌ಗಳು 1967ರಲ್ಲಿ ಲೆಸ್ಟರ್‌ನಿಂದ ಶುರುವಾದವು. ಮುಂದೆ ಬಿಬಿಸಿ ರೇಡಿಯೊ ಲಂಡನ್‌ನಲ್ಲಿ ರಾಬಿ ವಿನ್ಸೆಂಟ್ ಶನಿವಾರ ಹಾಕುತ್ತಿದ್ದ ಸೋಲ್ ಕಾರ್ಯಕ್ರಮಕ್ಕೆ ಜನ ಕಾದು ಕೂರುತ್ತಿದ್ದರು.

ಈಗ ಕೊಂಡಿ ಸಡಿಲವಾಗಿರುವುದು ಸ್ಥಳೀಯ ಅನ್ನುವ ಜಾಗದಲ್ಲೇ. ಅಮೆರಿಕದಲ್ಲಿ 1996ರ ಕಾನೂನು ಒಬ್ಬ ಮಾಲೀಕ ಇಡೀ ದೇಶದಲ್ಲಿ ಎಷ್ಟು ಸ್ಟೇಷನ್ ಇಟ್ಟುಕೊಳ್ಳಬಹುದು ಎಂಬ ಮಿತಿ ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಒಂದೇ ಕಂಪನಿಯ ಕೈಗೆ 1,000ಕ್ಕೂ ಜಾಸ್ತಿ ಸ್ಟೇಷನ್ ಸೇರಿದವು. ಯಾವ ಹಾಡು ಎಂದು ತೀರ್ಮಾನ ಆಗುವುದು ದೂರದ ಕಚೇರಿಯಲ್ಲಿ. ಈಗ ಕ್ರಾಪರ್ ಅವರಂಥ ಹುಡುಗ ಪ್ಲೇಟು ಹಿಡಿದು ಯಾರ ಬಾಗಿಲು ತಟ್ಟಬೇಕು? ಬ್ರಿಟನ್ನಿನಲ್ಲಿ 2007ರಿಂದ ಬಿಬಿಸಿ ಇಂಟ್ರಡ್ಯೂಸಿಂಗ್ ಇದೆ. ಹೆಸರಿಲ್ಲದ ಸಂಗೀತಗಾರರು ಹಾಡು ಕಳಿಸಿದರೆ ಅವರ ಭಾಗದ ಸ್ಟೇಷನ್ನಿನವರು ಕೇಳಿ ಪ್ರಸಾರ ಮಾಡುತ್ತಾರೆ, ಹಾಕಿದ್ದಕ್ಕೆ ರಾಯಲ್ಟಿಯೂ ಬರುತ್ತದೆ. ಆದರೆ 2023ರ ಕಡಿತದಲ್ಲಿ ಬಿಬಿಸಿಯ ಸ್ಥಳೀಯ ಸ್ಟೇಷನ್‌ಗಳು ಮಧ್ಯಾಹ್ನ 2ರ ನಂತರ ಅಕ್ಕಪಕ್ಕದವರೊಂದಿಗೆ ಕಾರ್ಯಕ್ರಮ ಹಂಚಿಕೊಳ್ಳತೊಡಗಿದವು. ಸಂಜೆಯ ಆ ಹೊತ್ತೇ ಇಂಥ ಸಂಗೀತದ ಹೊತ್ತು.

ಬರೀ ಪ್ರಸಾರವಾದರೆ ಸಾಲದು, ಪ್ರಸಾರವಾದದ್ದು ಲೆಕ್ಕಕ್ಕೆ ಬರಬೇಕು. ಹಾಡಿನ ಹೆಸರು, ಹಾಡಿದವರು, ಬರೆದವರು, ಎಷ್ಟು ನಿಮಿಷ, ಇವೆಲ್ಲ ಪಟ್ಟಿಯಾಗಿ ರಾಯಲ್ಟಿ ವಸೂಲಿ ಮಾಡುವ ಸಂಸ್ಥೆಗೆ ಹೋದರೇನೇ ದುಡ್ಡು ಸರಿಯಾದ ಮನೆ ಸೇರುತ್ತದೆ. ಹಿಂದೆ ನುಡಿಸಿದವರ ಹೆಸರು ದಾಖಲಾಗದ ಹಳೇ ಸೋಲ್ ಪ್ಲೇಟುಗಳಲ್ಲಿ ಇದೇ ದೊಡ್ಡ ತೊಡಕು. ಪ್ಲೇಟಿನ ಅಚ್ಚಿನ ನಂಬರು, ಯಾವ ದಿನ ಯಾರು ಸ್ಯಾಕ್ಸಫೋನ್ ನುಡಿಸಿದರು ಎಂದು ಹಟ ಹಿಡಿದು ಹುಡುಕುವ ಅಭಿಮಾನಿಗಳ ಹುಚ್ಚು ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಫ್ರಾಂಕ್ ವಿಲ್ಸನ್ ಮೋಟೌನ್‌ನಲ್ಲಿ ಹಾಡು ಬರೆಯುವ, ಮಾಡಿಸುವ ಕೆಲಸದಲ್ಲಿದ್ದರು. 1965ರಲ್ಲಿ ತಾವೇ ಬರೆದ "ಡು ಐ ಲವ್ ಯು" ಹಾಡಿದರು. ಮಾದರಿ ಪ್ಲೇಟುಗಳು ಅಚ್ಚಾದವು, ಬಿಡುಗಡೆ ಮಾತ್ರ ಆಗಲಿಲ್ಲ. ಪ್ಲೇಟುಗಳನ್ನು ನಾಶ ಮಾಡಿದರು, ಉಳಿದದ್ದು ಬೆರಳೆಣಿಕೆಯಷ್ಟು. ವಿಗನ್‌ನಲ್ಲಿ ಆ ಹಾಡು ಹುಚ್ಚು ಹಿಡಿಸಿತು. 2009ರಲ್ಲಿ ಒಂದು ಪ್ಲೇಟು 25,742 ಪೌಂಡಿಗೆ ಹರಾಜಾಯಿತು. ಅದರಲ್ಲಿ ವಿಲ್ಸನ್ ಅವರ ಪಾಲು ಏನೂ ಇಲ್ಲ. ಹಳೇ ಪ್ಲೇಟು ಕೈ ಬದಲಿಸಿದರೆ ಮಾರಿದವನಿಗೆ ಲಾಭ, ಅಷ್ಟೇ. ಆದರೆ ಆ ಹುಚ್ಚು ನೋಡಿ ಮೋಟೌನ್ 1979ರಲ್ಲಿ ಬ್ರಿಟನ್ನಿನಲ್ಲಿ ಹಾಡನ್ನು ಬಿಡುಗಡೆ ಮಾಡಿತ್ತು. ಆಗಿನಿಂದ ಇಂಗ್ಲೆಂಡಿನ ಯಾವುದೋ ಊರಿನ ಸ್ಟೇಷನ್ ಶನಿವಾರ ಸಂಜೆ ಅದನ್ನು ಹಾಕಿ ಹೆಸರು ಬರೆದುಕೊಂಡಾಗಲೆಲ್ಲ, ಬರೆದವರ ಖಾತೆಗೆ ಕೆಲವು ಪೆನ್ನಿ.